ಹಳೆಯ ಎಸ್ಟೀಮ್‌ನ ಸ್ಟೀರಿಂಗ್ ಯಾಕೆ ಹಿಡಿದುಕೊಳ್ಳುತ್ತಿದೆ?

ಪ್ರಶ್ನೆ: ನನ್ನದು 2004ರ ಮಾರುತಿ ಎಸ್ಟೀಮ್, ಅಪ್ಪ ಕೊಂಡ ಗಾಡಿ. 1.4 ಲಕ್ಷ ಕಿ.ಮೀ. ಓಡಿದೆ. ಊರು ಸಾಗರ. ಆರೇಳು ತಿಂಗಳಿಂದ ಪವರ್ ಸ್ಟೀರಿಂಗ್ ಒಂಥರಾ ಅಂಟಿಕೊಂಡ ಹಾಗಿದೆ. ನೇರ ರಸ್ತೆಯಲ್ಲಿ 60–70ರ ವೇಗದಲ್ಲಿ ಚೂರು ತಿದ್ದೋಣ ಎಂದರೆ ಅಲುಗುವುದಿಲ್ಲ, ತುಸು ಬಲ ಹಾಕಿದರೆ ಬೇಕಾದ್ದಕ್ಕಿಂತ ಹೆಚ್ಚು ತಿರುಗಿಬಿಡುತ್ತದೆ. ಗೇರುಸೊಪ್ಪೆ ಘಾಟಿಯಲ್ಲಿ ತಿರುವು ಮುಗಿದ ಮೇಲೆ ತಾನಾಗಿ ವಾಪಸ್ ಬರುವುದಿಲ್ಲ, ಕೈಯಿಂದಲೇ ತರಬೇಕು. ಬೆಳಿಗ್ಗೆ ಹೊತ್ತು ಇನ್ನೂ ಜಾಸ್ತಿ. ನಿಲ್ಲಿಸಿಕೊಂಡು ತಿರುಗಿಸುವಾಗ ಮಾತ್ರ ಅಷ್ಟೇನೂ ಭಾರ ಅನ್ನಿಸುವುದಿಲ್ಲ. ಆಯಿಲ್ ಬದಲಿಸಿದರು, ಗುಣ ಕಾಣಲಿಲ್ಲ. ಈಗ ರ‍್ಯಾಕ್ (ಸ್ಟೀರಿಂಗ್ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಭಾಗ) ಪೂರ್ತಿ ಹೊಸದು ಹಾಕಬೇಕು, 20 ಸಾವಿರದ ಮೇಲಾಗುತ್ತದೆ ಎನ್ನುತ್ತಿದ್ದಾರೆ. ಕಳೆದ ವರ್ಷ ಹಾಳು ರಸ್ತೆಯಲ್ಲಿ ಮುಂದುಗಡೆ ಗಡಗಡ ಸದ್ದು ಬರುತ್ತಿತ್ತು, ಅದನ್ನು ಆಗಲೇ ಸರಿ ಮಾಡಿಸಿದ್ದೇನೆ. ಈ ಗಾಡಿಗೆ ಇಷ್ಟು ಖರ್ಚು ಮಾಡಬಹುದೇ?

ಉತ್ತರ: ನಿಮ್ಮ ಕಾಗದದಲ್ಲಿ ಎರಡು ಮಾತುಗಳ ಕೆಳಗೆ ಗೆರೆ ಎಳೆದಿಟ್ಟುಕೊಂಡಿದ್ದೇನೆ. ಒಂದು, ನಿಲ್ಲಿಸಿಕೊಂಡು ತಿರುಗಿಸುವಾಗ ಭಾರವಿಲ್ಲ ಎಂದದ್ದು. ಇನ್ನೊಂದು, ಹೋಗುವ ಮುಂಚೆ ನೆನಪಾಗಿ ಹೇಳಿದಂತೆ ಕೊನೆಗೆ ಬರೆದ ಗಡಗಡ ಸದ್ದಿನ ವಿಷಯ. ಇವೆರಡನ್ನೂ ನಿಮ್ಮ ಮೆಕ್ಯಾನಿಕ್ ಕಿವಿಗೆ ಹಾಕಿಕೊಂಡಿದ್ದರೆ ಆಯಿಲ್ ಬದಲಿಸಲು ಹೋಗುತ್ತಿರಲಿಲ್ಲ, ರ‍್ಯಾಕ್ ಮಾತನ್ನು ಇಷ್ಟು ಬೇಗ ಎತ್ತುತ್ತಲೂ ಇರಲಿಲ್ಲ. ರ‍್ಯಾಕ್‌ಗೆ ಸದ್ಯಕ್ಕೆ ದುಡ್ಡು ಕೊಡಬೇಡಿ. ಅರ್ಧ ದಿನದ ತಪಾಸಣೆ ಇದೆ, ಅದನ್ನು ಮಾಡಿಸಿದ ಮೇಲೆ ಬೇಕಾದರೆ ಯೋಚಿಸೋಣ.

ಸ್ಟೀರಿಂಗ್ 'ಟೈಟ್' ಎಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ಬೇರೆ ಕಾಯಿಲೆಗಳನ್ನು ಸೇರಿಸಿಬಿಡುತ್ತೇವೆ. ಒಂದು ಭಾರ, ಇನ್ನೊಂದು ಹಿಡಿತ. ಭಾರ ಎಂದರೆ ಪಂಪ್ ಕೊಡಬೇಕಾದ ಸಹಾಯ ಸಿಗುತ್ತಿಲ್ಲ. ಪಾರ್ಕಿಂಗ್ ಮಾಡುವಾಗ ತೋಳು ನೋಯುತ್ತದೆ, ವೇಗ ಹಿಡಿದ ಮೇಲೆ ಅಷ್ಟಾಗಿ ತಿಳಿಯುವುದಿಲ್ಲ. ಬೆಲ್ಟ್ ಜಾರುವುದು, ಪಂಪ್ ಸವೆಯುವುದು, ಆಯಿಲ್ ಕಡಿಮೆಯಾಗುವುದು ಎಲ್ಲವೂ ಈ ಗುಂಪಿಗೆ ಸೇರಿದವು. ಹಿಡಿತ ಇದಕ್ಕೆ ತಿರುಗುಮುರುಗು. ಪಾರ್ಕಿಂಗ್‌ನಲ್ಲಿ ಪಂಪ್ ಅದನ್ನು ಮುಚ್ಚಿಹಾಕುತ್ತದೆ, ನೇರ ರಸ್ತೆಯಲ್ಲಿ ಬಯಲಾಗುತ್ತದೆ. ನಿಮ್ಮದು ಎರಡನೆಯದು. ಹಿಡಿತ ಬರುವುದು ಎಲ್ಲೋ ಎರಡು ಭಾಗಗಳು ಒಂದಕ್ಕೊಂದು ಉಜ್ಜಿಕೊಂಡು ನಿಂತುಬಿಡುವುದರಿಂದ. ಆ ಜಾಗ ರ‍್ಯಾಕ್‌ನ ಒಳಗೇ ಇರಬೇಕೆಂದಿಲ್ಲ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಆಷಾಢದ ಮಳೆಗೆ ಉಬ್ಬಿದ ಬಾಗಿಲನ್ನು ನೆನಪಿಸಿಕೊಳ್ಳಿ. ಮೆಲ್ಲಗೆ ತಳ್ಳಿದರೆ ಜಪ್ಪಯ್ಯ ಅನ್ನುವುದಿಲ್ಲ. ಹೆಗಲು ಕೊಟ್ಟು ನೂಕಿದರೆ ಧಡಾರ್ ಎಂದು ಗೋಡೆಗೆ ಬಡಿಯುತ್ತದೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ ಅದು ಕದಲಿದ ಮೇಲೆ ಬೇಕಾಗುವ ಬಲಕ್ಕಿಂತ ಹೆಚ್ಚು. ಉಜ್ಜುವಿಕೆ ಜಾಸ್ತಿಯಾದಷ್ಟೂ ಈ ಅಂತರ ದೊಡ್ಡದಾಗುತ್ತದೆ. ನೀವು ಚೂರು ತಿದ್ದಲು ಹೋಗಿ ಗಾಡಿ ಆಚೆ ಬದಿಗೆ ಎಳೆದುಕೊಂಡು ಹೋಗುವುದು ಇದೇ ಧಡಾರ್.

ಹಾಗಾದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಾದರೂ ಹೇಗೆ? ಅದು ಪವರ್ ಸ್ಟೀರಿಂಗ್‌ನ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಸೈಕಲ್‌ನ ಮುಂದಿನ ಫೋರ್ಕ್ ನೋಡಿ, ಹಿಂದಕ್ಕೆ ವಾಲಿಕೊಂಡಿರುತ್ತದೆ. ಕೈ ಬಿಟ್ಟರೂ ಚಕ್ರ ನೇರವಾಗಲು ನೋಡುವುದು ಆ ವಾಲಿಕೆಯಿಂದ. ಕಾರಿನಲ್ಲಿ ಇದನ್ನು ಕ್ಯಾಸ್ಟರ್ ಎನ್ನುತ್ತೇವೆ. ಅದರ ಜೊತೆಗೆ ಚಕ್ರ ತಿರುಗುವ ಅಚ್ಚು ಒಳಮುಖವಾಗಿಯೂ ವಾಲಿರುತ್ತದೆ, ಟೈರ್ ಕೂಡ ರಸ್ತೆಯನ್ನು ಹಿಡಿದು ತಿರುಚಿಕೊಂಡು ನೇರಕ್ಕೆ ಎಳೆಯುತ್ತದೆ. ಈ ಮೂರೂ ಸೇರಿದ ಬಲವೇ ಸ್ಟೀರಿಂಗನ್ನು ವಾಪಸ್ ತರುವುದು. ಚಕ್ರ ಜಾಸ್ತಿ ತಿರುಗಿದ್ದಾಗ ಈ ಬಲ ದೊಡ್ಡದು. ನೇರಕ್ಕೆ ಹತ್ತಿರ ಬಂದಂತೆ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣದು. ಆದ್ದರಿಂದಲೇ ಎಲ್ಲಿ ಉಜ್ಜುತ್ತಿದ್ದರೂ ಮೊದಲು ಗೊತ್ತಾಗುವುದು ಸ್ಟೀರಿಂಗ್ ನಡುವಿನಲ್ಲಿ ಇರುವಾಗ. ನಿಮ್ಮದು ನಡುವಿನಲ್ಲೂ ಹಿಡಿಯುತ್ತಿದೆ, ಘಾಟಿಯ ತಿರುವಿನಿಂದಲೂ ವಾಪಸ್ ಬರುತ್ತಿಲ್ಲ ಎಂದರೆ ಉಜ್ಜುವಿಕೆ ಸಾಕಷ್ಟು ಬೆಳೆದಿದೆ.

ಈಗ ಆ ಗಡಗಡದ ವಿಷಯಕ್ಕೆ ಬರೋಣ. ನನ್ನ ಗುಮಾನಿಯ ಮುಕ್ಕಾಲು ಪಾಲು ಅಲ್ಲೇ ಇದೆ.

ರ‍್ಯಾಕ್ ಎಂದರೆ ಹಲ್ಲು ಕೊರೆದ ಉದ್ದನೆಯ ಸರಳು, ಅದರ ಮೇಲೆ ಪಿನಿಯನ್ ಎಂಬ ಸಣ್ಣ ಗೇರ್ ಕೂತಿರುತ್ತದೆ. ಎರಡರ ಹಲ್ಲುಗಳೂ ಬಿಟ್ಟುಕೊಳ್ಳದಂತೆ ಸರಳಿನ ಬೆನ್ನಿಗೆ ಒಂದು ಗುಬ್ಬಿಯಂಥ ತುಂಡು, ಅದರ ಹಿಂದೆ ಸ್ಪ್ರಿಂಗ್, ಅದರ ಹಿಂದೆ ಒಂದು ಅಡ್ಜಸ್ಟಿಂಗ್ ಸ್ಕ್ರೂ ಮತ್ತು ಲಾಕ್ ನಟ್ ಇರುತ್ತವೆ. ವರ್ಷಗಟ್ಟಲೆ ಓಡಿದ ಮೇಲೆ ಆ ಗುಬ್ಬಿ ಸವೆದು ಸಡಿಲವಾಗುತ್ತದೆ, ಕಲ್ಲುರಸ್ತೆಯಲ್ಲಿ ಗಡಗಡ ಎನ್ನುತ್ತದೆ. ಮೆಕ್ಯಾನಿಕ್ ಗಾಡಿಯ ಕೆಳಗೆ ನುಗ್ಗಿ ಆ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡುತ್ತಾನೆ. ಸದ್ದು ನಿಂತಿತು, ಗಿರಾಕಿಗೆ ಸಂತೋಷ, ಬಿಲ್ ನೂರಿನ್ನೂರು ರೂಪಾಯಿ. ಹತ್ತು ನಿಮಿಷದ ಈ ಕೆಲಸದಿಂದ ಹುಟ್ಟಿದ ಹಿಡಿತವನ್ನು ನಾನು ಎಷ್ಟು ಗಾಡಿಗಳಲ್ಲಿ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಯಾಕೆ ಹೀಗಾಗುತ್ತದೆ ಎಂದರೆ, ನಾವು ಹೆಚ್ಚು ಹೊತ್ತು ಗಾಡಿ ಓಡಿಸುವುದು ನೇರ ರಸ್ತೆಯಲ್ಲಿ. ರ‍್ಯಾಕ್‌ನ ನಡುಭಾಗದ ಹಲ್ಲುಗಳು ಸವೆಯುತ್ತವೆ, ತುದಿಯ ಹಲ್ಲುಗಳು ಹೊಸದರಂತೆಯೇ ಉಳಿಯುತ್ತವೆ. ನಡುವಿನ ಸಡಿಲವನ್ನು ನೋಡಿ ಸ್ಕ್ರೂ ಬಿಗಿ ಮಾಡಿದರೆ, ಸ್ಟೀರಿಂಗ್ ಒಂದು ಸುತ್ತು ತಿರುಗಿ ಸವೆಯದ ಹಲ್ಲುಗಳ ಮೇಲೆ ಬಂದಾಗ ಅದೇ ಬಿಗಿ ಜಾಸ್ತಿಯಾಗಿ ರ‍್ಯಾಕ್ ಕಚ್ಚಿಕೊಳ್ಳುತ್ತದೆ. ಘಾಟಿಯ ತಿರುವಿನಲ್ಲಿ ಸ್ಟೀರಿಂಗ್ ನಿಂತುಬಿಡುವುದಕ್ಕೆ ಇದಕ್ಕಿಂತ ನೇರವಾದ ಕಾರಣ ಬೇಡ. ಇನ್ನೂ ಜಾಸ್ತಿ ಬಿಗಿ ಮಾಡಿದ್ದರೆ ನಡುವಿನಲ್ಲೂ ಹಿಡಿಯುತ್ತದೆ, ನಿಮ್ಮದರ ಹಾಗೆ. ಬೆಳಿಗ್ಗೆ ಗ್ರೀಸ್ ಗಟ್ಟಿ, ಆಯಿಲ್ ಮಂದ, ಆಗ ಇನ್ನಷ್ಟು ಎದ್ದು ಕಾಣುತ್ತದೆ.

ಆದರೆ ಗುಮಾನಿಯ ಮೇಲೆಯೇ ಸ್ಪ್ಯಾನರ್ ಎತ್ತಬಾರದು. ಆ ಪಾಠ ನಾನು ದುಬಾರಿಯಾಗಿ ಕಲಿತೆ. ಕೆಲಸ ಕಲಿತ ಹೊಸದರಲ್ಲಿ ಒಂದು ಹಳೆಯ ಸೆಡಾನ್‌ಗೆ ಇದೇ ದೂರಿಗೆ ರ‍್ಯಾಕ್ ಬದಲಿಸಿದೆ. ಗಿರಾಕಿ ರಸ್ತೆಗೆ ತೆಗೆದುಕೊಂಡು ಹೋಗಿ ಹತ್ತು ನಿಮಿಷಕ್ಕೆ ವಾಪಸ್ ಬಂದರು. ಹಿಡಿತ ಹಾಗೇ ಇತ್ತು. ಕೊನೆಗೆ ನೋಡಿದರೆ ಶಾಕ್ ಅಬ್ಸಾರ್ಬರ್ ಮೇಲಿನ ಬೇರಿಂಗ್ ತುಕ್ಕು ಹಿಡಿದು ಜಾಮ್ ಆಗಿತ್ತು. ರ‍್ಯಾಕ್‌ನ ದುಡ್ಡು ನನ್ನ ಜೇಬಿನಿಂದ ಹೋಯಿತು. ಅಂದಿನಿಂದ ಒಂದೇ ಪದ್ಧತಿ ಇಟ್ಟುಕೊಂಡಿದ್ದೇನೆ: ಸ್ಟೀರಿಂಗ್ ಚಕ್ರದಿಂದ ಟೈರ್‌ವರೆಗಿನ ದಾರಿಯನ್ನು ತುಂಡು ತುಂಡಾಗಿ ಬಿಡಿಸಿ, ಯಾವ ತುಂಡಿನಲ್ಲಿ ಹಿಡಿತ ಉಳಿಯಿತು ಎಂದು ಕೈಯಿಂದಲೇ ನೋಡುವುದು.

ಬಿಚ್ಚುವ ಮುಂಚೆ ಖರ್ಚಿಲ್ಲದ ಕೆಲವನ್ನು ಮುಗಿಸಿಬಿಡಿ. ಮುಂದಿನ ಎರಡೂ ಟೈರ್‌ಗಳ ಗಾಳಿ ಬಾಗಿಲ ಅಂಚಿನಲ್ಲೋ ಮ್ಯಾನುಯಲ್‌ನಲ್ಲೋ ಹೇಳಿದಷ್ಟು ಇದೆಯೇ ನೋಡಿ. ಅದಕ್ಕಿಂತ ಐದಾರು ಪಿಎಸ್‌ಐ ಕಡಿಮೆಯಾದರೂ ಸ್ಟೀರಿಂಗ್ ಮಂಕಾಗುತ್ತದೆ. ಗುಂಡಿಗೆ ಬಿದ್ದದ್ದು, ಕಲ್ಲಿಗೆ ತಾಗಿಸಿದ್ದು ಇದ್ದರೆ ಅಲೈನ್‌ಮೆಂಟ್ ಮಾಡಿಸಿ, ಪ್ರಿಂಟ್ ಮಾಡಿದ ಚೀಟಿಯನ್ನು ಕೇಳಿ ಪಡೆಯಿರಿ. ಬಹಳ ಕಡೆ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಅಳತೆ) ಮಾತ್ರ ಸರಿ ಮಾಡಿ ಕಳಿಸುತ್ತಾರೆ. ನೀವು ನೋಡಬೇಕಾದ್ದು ಕ್ಯಾಸ್ಟರ್ ಸಾಲು. ಎಡಕ್ಕೂ ಬಲಕ್ಕೂ ದೊಡ್ಡ ವ್ಯತ್ಯಾಸ ಇದ್ದರೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ತೋಳು) ಬಾಗಿರಬಹುದು ಅಥವಾ ಅದರ ಬುಷ್ ಹರಿದಿರಬಹುದು.

ಇನ್ನೊಂದು ಪರೀಕ್ಷೆಗೆ ಒಬ್ಬರು ಜೊತೆಗಿದ್ದರೆ ಸಾಕು. ಗಾಡಿ ನೆಲದ ಮೇಲೇ ಇರಲಿ, ಎಂಜಿನ್ ಓಡುತ್ತಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಅವರು ಸ್ಟೀರಿಂಗನ್ನು ನಿಧಾನವಾಗಿ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸುತ್ತಿರುವಾಗ ನೀವು ಮುಂದಿನ ಚಕ್ರದ ಮೇಲಿರುವ ಸ್ಪ್ರಿಂಗ್ ಹೊರಮೈಗೆ ಅಂಗೈ ತಾಗಿಸಿ. ಬೆರಳನ್ನು ಸುರುಳಿಗಳ ನಡುವೆ ಮಾತ್ರ ತೂರಿಸಬೇಡಿ. ಸ್ಪ್ರಿಂಗ್ ಸಮವಾಗಿ ತಿರುಗಬೇಕು. ಅದರ ಬದಲು ಕೀ ಕೊಟ್ಟ ಗಡಿಯಾರದಂತೆ ಬಿಗಿಯಾಗುತ್ತಾ ಹೋಗಿ 'ಟಂಗ್' ಎಂದು ಹಾರಿದರೆ ಮೇಲಿನ ಸ್ಟ್ರಟ್ ಬೇರಿಂಗ್ ಹೋಗಿದೆ. ಎಸ್ಟೀಮ್‌ನ ಮುಂಭಾಗ ಮ್ಯಾಕ್‌ಫರ್ಸನ್ ಸ್ಟ್ರಟ್ ಮಾದರಿಯದು. ಚಕ್ರ ತಿರುಗಿದಾಗಲೆಲ್ಲ ಶಾಕ್ ಅಬ್ಸಾರ್ಬರ್ ಪೂರ್ತಿ ತಿರುಗುತ್ತದೆ, ಗಾಡಿಯ ಮುಂದಿನ ಭಾರವನ್ನು ಹೊತ್ತೇ ಆ ಬೇರಿಂಗ್ ತಿರುಗಬೇಕು. ಅಲ್ಲಿಗೆ ನೀರು, ಮಣ್ಣು ಸೇರಿದರೆ ಮುಗಿಯಿತು. ನಿಮ್ಮೂರಿನ ಮಳೆಗೆ ಇದು ಎರಡನೆಯ ಗುಮಾನಿ.

ಇದನ್ನು ಬದಲಿಸುವುದು ಮನೆಯಂಗಳದ ಕೆಲಸವಲ್ಲ. ಸ್ಪ್ರಿಂಗ್ ಅದುಮಿ ಹಿಡಿಯುವ ಸರಿಯಾದ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ. ತಂತಿ, ಹಗ್ಗ ಕಟ್ಟಿ ಬಿಚ್ಚುವವರನ್ನು ಕಂಡರೆ ಗಾಡಿ ತೆಗೆದುಕೊಂಡು ಹೊರಡಿ.

ಈಗ ಗಾಡಿ ಎತ್ತಬೇಕು. ಮುಂದಿನ ಎರಡೂ ಚಕ್ರಗಳು ಒಟ್ಟಿಗೆ ಮೇಲಿರಬೇಕು, ಭಾರ ಸ್ಟ್ಯಾಂಡ್‌ಗಳ ಮೇಲೆ ಕೂತಿರಬೇಕು. ಬರೀ ಜಾಕ್ ಮೇಲೆ, ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ತಲೆ ಹಾಕಬೇಡಿ. ಎಂಜಿನ್ ಆಫ್, ಕೀ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸಿ. ಬಹಳ ನಿಧಾನವಾಗಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ಒಳಗಿನ ಆಯಿಲ್ ತಳ್ಳಿಸಿಕೊಳ್ಳುವುದರಿಂದ ಜೇನಿನಲ್ಲಿ ಚಮಚ ಆಡಿಸಿದಂಥ ಒಂದು ಸಮನಾದ ತಡೆ ಇರುತ್ತದೆ, ಅದು ಸಹಜ. ನೀವು ಹುಡುಕಬೇಕಾದ್ದು ಆ ತಡೆಯಲ್ಲಿನ ಏರುಪೇರು.

ಸ್ಟೀರಿಂಗ್‌ನ ಪ್ರತಿ ಒಂದು ಸುತ್ತಿಗೆ ಎರಡು ಸಲ ಬಿಗಿ, ಎರಡು ಸಲ ಸಡಿಲ, ಅದೂ ಯಾವಾಗಲೂ ಅದೇ ಜಾಗದಲ್ಲಿ ಬಂದರೆ, ಅದು ಕಾಲಂನ (ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ಅಚ್ಚಿನ) ಕೆಳಗಿನ ಯೂನಿವರ್ಸಲ್ ಜಾಯಿಂಟ್. ನಮ್ಮ ಗ್ಯಾರೇಜ್ ಭಾಷೆಯಲ್ಲಿ ಸ್ಟೀರಿಂಗ್ ಕ್ರಾಸ್. ಕೂಡಿಸುವ ಗುರುತಿನ (+) ಆಕಾರದ ಆ ತುಂಡಿನ ನಾಲ್ಕು ತುದಿಗೂ ಸೂಜಿಯಂಥ ಸಣ್ಣ ಬೇರಿಂಗ್‌ಗಳಿರುತ್ತವೆ. ನೀರು ಹೊಕ್ಕು ತುಕ್ಕು ಹಿಡಿದರೆ ಜಾಯಿಂಟ್ ಮಡಚಿಕೊಳ್ಳಲು ಒಪ್ಪುವುದಿಲ್ಲ. ಬಿಗಿ ಬರುವುದು ಸುತ್ತಿನ ಲೆಕ್ಕಕ್ಕೆ ಸಿಗದೆ ಒಂದು ಕೊನೆಯ ಕಡೆಗೆ ಹೋದಂತೆ ಮಾತ್ರ ಹೆಚ್ಚಾಗುತ್ತಿದ್ದರೆ ಮತ್ತೆ ನನ್ನ ಮೊದಲ ಗುಮಾನಿಗೆ, ಆ ಸ್ಕ್ರೂಗೆ ಬನ್ನಿ.

ಮುಂದಿನ ಹೆಜ್ಜೆಗೆ ಮೆಕ್ಯಾನಿಕ್ ಬೇಕು. ಎರಡೂ ಕಡೆಯ ಟೈರಾಡ್ ಎಂಡ್‌ಗಳನ್ನು, ಅಂದರೆ ಚಕ್ರವನ್ನು ಎಳೆದು ತಿರುಗಿಸುವ ಸರಳುಗಳ ತುದಿಗಳನ್ನು, ಚಕ್ರ ಕೂತಿರುವ ನಕಲ್ ಎಂಬ ತುಂಡಿನಿಂದ ಬಿಡಿಸಲಿ. ಹಾಗೆ ಬಿಡಿಸಿದಾಗ ಚಕ್ರಗಳು ರ‍್ಯಾಕ್‌ನಿಂದ ಬೇರೆಯಾಗುತ್ತವೆ. ಈಗ ಒಂದೊಂದೇ ಚಕ್ರವನ್ನು ಕೈಯಿಂದ ಎಡಬಲಕ್ಕೆ ತಿರುಗಿಸಿ. ಸಲೀಸಾಗಿ ಬಂದರೆ ಬಾಲ್ ಜಾಯಿಂಟ್ (ಲೋವರ್ ಆರ್ಮ್ ತುದಿಯ ಗುಂಡು ಕೀಲು), ಸ್ಟ್ರಟ್ ಬೇರಿಂಗ್ ಎರಡೂ ಪಾಸು. ಒಂದು ಕಡೆ ಸಲೀಸು, ಇನ್ನೊಂದು ಕಡೆ ಗಟ್ಟಿ ಇದ್ದರೆ ಅಪರಾಧಿ ಆ ಕಡೆಯೇ ಇದ್ದಾನೆ. ಲೋವರ್ ಬಾಲ್ ಜಾಯಿಂಟ್‌ನ ರಬ್ಬರ್ ಹರಿದು ಒಳಗೆ ತುಕ್ಕು ಕೂತಿದ್ದರೆ ಅದನ್ನು ಸಿರಿಂಜ್‌ನಲ್ಲಿ ಗ್ರೀಸ್ ತೂರಿಸಿ ಓಡಿಸುವ ವಸ್ತು ಎಂದುಕೊಳ್ಳಬೇಡಿ. ಅದು ಕಳಚಿದರೆ ಚಕ್ರ ಮಗುಚಿ ಗಾಡಿ ನೆಲಕ್ಕೆ ಕೂರುತ್ತದೆ. ಬದಲಿಸಲೇಬೇಕು. ಅಂದಹಾಗೆ, ಹೊಸ ಬಾಲ್ ಜಾಯಿಂಟ್‌ಗಳೂ ಮೊದಲ ಕೆಲವು ನೂರು ಕಿಲೋಮೀಟರ್ ಬಿಗಿಯಾಗಿರುವುದುಂಟು. ಗಡಗಡದ ರಿಪೇರಿಯಲ್ಲಿ ಅವನ್ನು ಹೊಸದಾಗಿ ಹಾಕಿದ್ದರೂ ಆರೇಳು ತಿಂಗಳಲ್ಲಿ ಅವು ಪಳಗಿರಬೇಕಿತ್ತು. ಹಳೆಯ ಬಿಲ್ ಇದ್ದರೆ ಹುಡುಕಿ ತೆಗೆಯಿರಿ, ಯಾವ ಭಾಗ ಬದಲಿಸಿದ್ದರು ಎಂಬುದೇ ಅರ್ಧ ಉತ್ತರ. ಬಿಲ್‌ನಲ್ಲಿ ಭಾಗಗಳ ಹೆಸರೇ ಇಲ್ಲದೆ ಬರೀ ಕೂಲಿ ಇದ್ದರೆ, ಸದ್ದು ನಿಲ್ಲಿಸಿದ್ದು ಆ ಸ್ಕ್ರೂ ಎಂದೇ ತಿಳಿಯಿರಿ.

ಚಕ್ರಗಳು ಸಲೀಸು ಎಂದಾದರೆ, ಟೈರಾಡ್ ಬಿಡಿಸಿದ ಸ್ಥಿತಿಯಲ್ಲೇ ಸ್ಟೀರಿಂಗ್ ತಿರುಗಿಸಿ. ಹಿಡಿತ ಇನ್ನೂ ಇದ್ದರೆ ಅದು ರ‍್ಯಾಕ್‌ನಲ್ಲಿ ಅಥವಾ ಕಾಲಂನಲ್ಲಿ ಇದೆ. ಎರಡನ್ನು ಬೇರ್ಪಡಿಸಲು ಕೆಳಗಿನ ಜಾಯಿಂಟ್‌ನ ಬೋಲ್ಟ್ ತೆಗೆಯಬೇಕು. ತೆಗೆಯುವ ಮುಂಚೆ ಚಕ್ರಗಳು ನೇರವಿರಲಿ, ಜಾಯಿಂಟ್ ಮೇಲೂ ಪಿನಿಯನ್ ಅಚ್ಚಿನ ಮೇಲೂ ಸೇರಿಸಿ ಒಂದು ಪೇಂಟ್ ಗೆರೆ ಎಳೆಯಲಿ; ಇಲ್ಲವಾದರೆ ವಾಪಸ್ ಕೂರಿಸಿದಾಗ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತದೆ. (ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಈ ಹೊತ್ತಿಗೆ ಸ್ಟೀರಿಂಗ್ ಚಕ್ರ ಅಲುಗದಂತೆ ಕಟ್ಟಿಹಾಕಬೇಕು. ಅದು ಬೇಕಾಬಿಟ್ಟಿ ಸುತ್ತಿದರೆ ಒಳಗಿನ ಸುರುಳಿ ಕೇಬಲ್ ಹರಿಯುತ್ತದೆ. ಅಂಥ ಗಾಡಿಯಲ್ಲಿ ಕಾಲಂ ಪರೀಕ್ಷೆಗೂ ಚಕ್ರವನ್ನು ಅತ್ತಿತ್ತ ಸ್ವಲ್ಪವೇ ಆಡಿಸಿ ನಡುವಿಗೆ ತರಬೇಕು.) ಬೇರೆಯಾದ ಮೇಲೆ ಸ್ಟೀರಿಂಗ್ ಚಕ್ರವನ್ನು ಒಂದು ಬೆರಳಿನಲ್ಲಿ ತಿರುಗಿಸಿ ನೋಡಿ. ಅದು ಗಾಳಿಗೆ ತಿರುಗುವಷ್ಟು ಹಗುರ ಇರಬೇಕು.

ಇಲ್ಲವೆಂದರೆ ಕಾಲಂ ಎಂಜಿನ್ ಕಡೆಗೆ ಹಾದುಹೋಗುವ ತೂತಿನ ರಬ್ಬರ್ ಬೂಟ್ ನೋಡಿ. ಒಣಗಿ ಗಟ್ಟಿಯಾದ ಆ ರಬ್ಬರ್ ಅಚ್ಚಿಗೆ ಉಜ್ಜಿಕೊಂಡು ಎಷ್ಟೋ ಗಾಡಿಗಳಲ್ಲಿ ಇದೇ ತೊಂದರೆ ಕೊಡುತ್ತದೆ. ಅದಕ್ಕೆ ಒಂದು ಚಿಟಿಕೆ ಸಿಲಿಕಾನ್ ಗ್ರೀಸ್ ಸಾಕು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಇನ್ನೂ ಕೆಡಬಹುದು. ಹಾಗೆಯೇ ಯೂನಿವರ್ಸಲ್ ಜಾಯಿಂಟನ್ನು ಕೈಯಲ್ಲಿ ಹಿಡಿದು ನಾಲ್ಕೂ ದಿಕ್ಕಿಗೆ ಮಡಚಿ. ಒಂದು ದಿಕ್ಕಿನಲ್ಲಿ ಮೊಂಡು ಹಿಡಿದರೆ ಸಾಕ್ಷಿ ಸಿಕ್ಕಿತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಅತ್ತಿತ್ತ ಮಡಚಿ ಬಿಡಿಸಿ, ಆಮೇಲೆ ಗೇರ್ ಆಯಿಲ್ ಬಿಟ್ಟರೆ ತಿಂಗಳೊಪ್ಪತ್ತು ಚೆನ್ನಾಗಿರುತ್ತದೆ. ಸ್ಪ್ರೇ ಒಂದನ್ನೇ ಹೊಡೆದು ಬಿಟ್ಟರೆ ಇದ್ದ ಗ್ರೀಸೂ ತೊಳೆದುಹೋಗಿ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಜಾಯಿಂಟ್ ಬದಲಿಸುವುದು ಸರಿಯಾದ ದಾರಿ, ರ‍್ಯಾಕ್‌ಗೆ ಹೋಲಿಸಿದರೆ ಅದರ ಖರ್ಚು ಏನೇನೂ ಅಲ್ಲ.

ಕಾಲಂ ಹಗುರ, ಚಕ್ರಗಳು ಹಗುರ, ಆದರೆ ಪಿನಿಯನ್ ತಿರುಗಿಸಿದರೆ ಗಟ್ಟಿ ಎಂದಾಗಲೇ ರ‍್ಯಾಕ್ ಮೇಲೆ ಆರೋಪ ಹೊರಿಸುವ ಹಕ್ಕು ಬರುವುದು. ಆಗಲೂ ಮೊದಲು ಆ ಸ್ಕ್ರೂ. ಈಗಿರುವ ಜಾಗಕ್ಕೆ ಪೇಂಟ್ ಗುರುತು ಹಾಕಿ, ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಗಡಿಯಾರದ ಮುಳ್ಳು ಎರಡು ಮೂರು ನಿಮಿಷ ಹಿಂದೆ ಸರಿದಷ್ಟು ಮಾತ್ರ ಬಿಚ್ಚಿ, ಅಂದರೆ 12ರಿಂದ 18 ಡಿಗ್ರಿ. ಲಾಕ್ ನಟ್ ಬಿಗಿ ಮಾಡಿ. ಬಿಡಿಸಿದ್ದನ್ನೆಲ್ಲ ಸೇರಿಸಿ, ರಸ್ತೆಯಲ್ಲಿ ಓಡಿಸಿ ನೋಡಿ. ಸಾಲದಿದ್ದರೆ ಇನ್ನೊಮ್ಮೆ ಅಷ್ಟೇ. ಕಂಪನಿಯ ರಿಪೇರಿ ಪುಸ್ತಕ ಸಿಕ್ಕರೆ ಅದರಲ್ಲಿ ಎಷ್ಟು ಬಲಕ್ಕೆ ಬಿಗಿದು ಎಷ್ಟು ಡಿಗ್ರಿ ಹಿಂದಕ್ಕೆ ಬಿಡಬೇಕು ಎಂಬ ಲೆಕ್ಕ ಇರುತ್ತದೆ, ಅದನ್ನೇ ಅನುಸರಿಸಿ. ಒಂದೇ ಸಲ ಅರ್ಧ ಸುತ್ತು ಬಿಚ್ಚುವ ಧೈರ್ಯ ಬೇಡ. ಜಾಸ್ತಿ ಸಡಿಲವಾದರೆ ಹಲ್ಲುಗಳು ಒಂದನ್ನೊಂದು ಬಿಟ್ಟು ಜಾರುವ ಅಪಾಯ ಇದೆ, ಘಾಟಿಯಲ್ಲಿ ಅದು ಆಗಬಾರದು.

ಸ್ಕ್ರೂ ಸಡಿಲಿಸಿದಾಗ ತುದಿಗಳಲ್ಲಿ ಹಿಡಿತ ಹೋಗಿ ನಡುವಿನಲ್ಲಿ ತುಸು ಆಟ ಉಳಿಯಬಹುದು. ಅಷ್ಟರ ಮಟ್ಟಿಗೆ ನಿಮ್ಮ ರ‍್ಯಾಕ್ ಸವೆದಿದೆ ಎಂದರ್ಥ. ಒಂದೆರಡು ಡಿಗ್ರಿ ಆಟ ಇದ್ದರೆ ಓಡಿಸಿಕೊಂಡಿರಬಹುದು. ಯಾವ ಜಾಗದಲ್ಲಿಟ್ಟರೂ ಒಂದೋ ಕಚ್ಚುತ್ತದೆ ಇಲ್ಲವೇ ಅಲ್ಲಾಡುತ್ತದೆ ಎಂದಾದರೆ ಆಗ ರ‍್ಯಾಕ್ ಬಿಚ್ಚುವುದು ನ್ಯಾಯ.

ಇನ್ನು ಆಯಿಲ್ ಭಾಗ. ನಿಮ್ಮ ತೊಂದರೆ ಅಲ್ಲಿಲ್ಲ ಎಂದೇ ನನ್ನ ಅಂದಾಜು, ಆದರೂ ಎರಡು ಮಾತು. ಸ್ಟೀರಿಂಗ್ ತಿರುಗಿಸಿದಾಗ ಪಿನಿಯನ್‌ಗೆ ಸೇರಿದ ಒಂದು ತೆಳು ಸರಳು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಆ ತಿರುಚು ಒಂದು ವಾಲ್ವನ್ನು ತೆರೆಯುತ್ತದೆ, ಪಂಪ್‌ನ ಒತ್ತಡ ರ‍್ಯಾಕ್‌ನ ಪಿಸ್ಟನ್‌ನ ಒಂದು ಬದಿಗೆ ಹೋಗಿ ತಳ್ಳುತ್ತದೆ. ಟೈರ್‌ನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್ ಇದ್ದರೆ, ಸ್ಟೀರಿಂಗನ್ನು ಕೊನೆಗೆ ತಿರುಗಿಸಿ ಒತ್ತಿ ಹಿಡಿದಾಗ ಈ ಪೈಪ್‌ಗಳಲ್ಲಿ 50 ಬಾರ್‌ಗೂ ಮೀರುತ್ತದೆ. ಹಾಗೆ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಪಂಪ್ ಕುದಿಯುತ್ತದೆ.

ವಾಲ್ವ್ ಸಿಕ್ಕಿಕೊಂಡಿದೆಯೇ ಎಂದು ತಿಳಿಯಲು ಒಂದು ಚಂದದ ಪರೀಕ್ಷೆ ಇದೆ. ಚಕ್ರಗಳು ಮೇಲಿರುವಾಗ, ಎಲ್ಲವೂ ಜೋಡಿಸಿರುವಾಗ, ಸ್ಟೀರಿಂಗ್ ನೇರ ಇಟ್ಟು ಕೈಬಿಟ್ಟು ಎಂಜಿನ್ ಚಾಲೂ ಮಾಡಿ. ಅದು ಸುಮ್ಮನಿರಬೇಕು. ದೆವ್ವ ಹಿಡಿದಂತೆ ತಾನಾಗಿ ಒಂದು ಕಡೆಗೆ ತಿರುಗಿದರೆ ವಾಲ್ವ್ ನಡುವಿನಲ್ಲಿ ನಿಲ್ಲುತ್ತಿಲ್ಲ. ಆಗ ರ‍್ಯಾಕ್ ರಿಪೇರಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಬೆಳಿಗ್ಗೆ ಹೆಚ್ಚು ಎಂದದ್ದಕ್ಕೆ ಹಳಬರು ಯಾರಾದರೂ ರ‍್ಯಾಕ್ ಸೀಲ್ ಕಡೆ ಕೈ ತೋರಿಸಬಹುದು. 1980ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರುಗಳಿಗೆ ಇಂಥ ಕಾಯಿಲೆ ಇತ್ತು: ವಾಲ್ವ್‌ನ ಟೆಫ್ಲಾನ್ ಉಂಗುರಗಳು ಅಲ್ಯೂಮಿನಿಯಂ ಗೂಡನ್ನು ಕೊರೆದು ಗೀರು ಮಾಡುತ್ತಿದ್ದವು, ತಣ್ಣಗಿದ್ದಾಗ ಒತ್ತಡ ಆ ಗೀರಿನಿಂದ ಸೋರಿಹೋಗುತ್ತಿತ್ತು, ಬಿಸಿಯಾದ ಮೇಲೆ ಸರಿಹೋಗುತ್ತಿತ್ತು. ಅಲ್ಲಿನ ಮೆಕ್ಯಾನಿಕ್‌ಗಳು ಅದಕ್ಕೆ ಬಸುರಿಯರ ಬೆಳಗಿನ ವಾಕರಿಕೆಯ ಹೆಸರನ್ನೇ ಇಟ್ಟಿದ್ದರು, 'ಮಾರ್ನಿಂಗ್ ಸಿಕ್‌ನೆಸ್' ಎಂದು. ಆದರೆ ಅದು ಭಾರದ ಕಾಯಿಲೆ. ತಣ್ಣಗಿದ್ದಾಗ ಸಹಾಯವೇ ಸಿಗದು, ಪಾರ್ಕಿಂಗ್‌ನಲ್ಲೇ ಗೊತ್ತಾಗುತ್ತದೆ. ನಿಮ್ಮದಕ್ಕೆ ಅದು ಹೊಂದುವುದಿಲ್ಲ.

ಆಯಿಲ್ ಬದಲಿಸಿದವರು ಏನು ಹಾಕಿದರು ಎಂದು ಮಾತ್ರ ಕೇಳಿ ತಿಳಿದುಕೊಳ್ಳಿ. ಆ ಕಾಲದ ಸುಜುಕಿಗಳಿಗೆ ಬೇಕಾದ್ದು ಡೆಕ್ಸ್‌ರಾನ್ ಜಾತಿಯ ಕೆಂಪು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಆಯಿಲ್. ಹಳೆಯ ಹೋಂಡಾಗಳಿಗಾದರೆ ಹೋಂಡಾದ ಸ್ವಂತ ಪವರ್ ಸ್ಟೀರಿಂಗ್ ಆಯಿಲ್ ಬೇಕು, ಎಟಿಎಫ್ ನಡೆಯುವುದಿಲ್ಲ. ಯಾವ ಗಾಡಿಗೂ ಬ್ರೇಕ್ ಆಯಿಲ್ ಹಾಕಬಾರದು. ಎರಡಕ್ಕೂ ಡಬ್ಬಿ ಬೇರೆ, ಜಾತಿ ಬೇರೆ. ಬ್ರೇಕ್ ಆಯಿಲ್ ಬಿದ್ದರೆ ಸ್ಟೀರಿಂಗ್‌ನ ಸೀಲ್‌ಗಳೆಲ್ಲ ಕೆಡುತ್ತವೆ. ಪೆಟ್ರೋಲ್ ಬಂಕ್‌ನಲ್ಲಿ 'ಸ್ವಲ್ಪ ಕಡಿಮೆ ಇದೆ ಸಾರ್, ಹಾಕಲಾ' ಎಂದವರಿಗೆ ಹೂಂ ಎನ್ನುವ ಮುಂಚೆ ಬಾಟಲಿ ನೋಡಿ. ಸೋರಿಕೆ ನಿಲ್ಲಿಸುತ್ತದೆ ಎಂದು ಮಾರುವ ಔಷಧಿ ಬಾಟಲಿಗಳು ಸೀಲ್‌ಗಳನ್ನು ಉಬ್ಬಿಸಿ ನಾಲ್ಕು ದಿನ ಮಾನ ಉಳಿಸುತ್ತವೆ, ಅಷ್ಟೇ.

ಮತ್ತೆ, ಬದಲಿಸಿದ್ದು ಎಂದರೆ ಡಬ್ಬಿಯಲ್ಲಿದ್ದದ್ದನ್ನು ಸಿರಿಂಜ್‌ನಲ್ಲಿ ಎಳೆದು ಹೊಸದು ತುಂಬಿದ್ದಾಗಿದ್ದರೆ, ಹಳೆಯ ಆಯಿಲ್‌ನಲ್ಲಿ ಬಹುಪಾಲು ರ‍್ಯಾಕ್‌ನಲ್ಲೂ ಪೈಪ್‌ಗಳಲ್ಲೂ ಹಾಗೇ ಉಳಿದಿದೆ. ಸರಿಯಾಗಿ ತೊಳೆಯಬೇಕಾದರೆ ರಿಟರ್ನ್ ಪೈಪನ್ನು ಡಬ್ಬಿಯಿಂದ ಬಿಡಿಸಿ ಬಾಟಲಿಗೆ ಇಳಿಬಿಟ್ಟು, ಡಬ್ಬಿಯ ಆ ಬಾಯಿಗೆ ಬಿರಡೆ ಹಾಕಿ, ಚಕ್ರಗಳು ಮೇಲಿರುವಾಗ ಎಂಜಿನ್ ಆಫ್ ಇಟ್ಟು ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ ತಿರುಗಿಸುತ್ತಾ ಮೇಲಿಂದ ಹೊಸದನ್ನು ಸುರಿಯುತ್ತಿರಬೇಕು. ಎರಡು ಲೀಟರ್ ಇಟ್ಟುಕೊಂಡರೆ ಧಾರಾಳ. ಡಬ್ಬಿ ಒಂದು ಕ್ಷಣವೂ ಬರಿದಾಗಬಾರದು, ಗಾಳಿ ಎಳೆದರೆ ಪಂಪ್ ಹಸಿದ ಬೆಕ್ಕಿನಂತೆ ಕೂಗುತ್ತದೆ. ಡಬ್ಬಿಯ ತಳದಲ್ಲಿ ಜಾಲರಿ ಇದ್ದರೆ ಅದನ್ನೂ ತೊಳೆಯಲಿ. ಪಂಪ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು, ಅದಕ್ಕಿಂತ ಜಾಸ್ತಿ ಬೇಡ. ಇಷ್ಟು ಮಾಡಿದರೆ ಪಂಪ್‌ಗೆ ಒಳ್ಳೆಯದು. ಹಿಡಿತ ಹೋಗುತ್ತದೆ ಎಂದು ಮಾತ್ರ ನಿರೀಕ್ಷಿಸಬೇಡಿ.

ಹೊಸ ಕಾಲದ ಎಲೆಕ್ಟ್ರಿಕ್ ಸ್ಟೀರಿಂಗ್ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು: ನಿಮ್ಮಲ್ಲಿ ಆಯಿಲ್ ಇಲ್ಲ, ಪಂಪ್ ಇಲ್ಲ, ಆದರೆ ಹಿಡಿತ ಇರಬಹುದು. 2024ರ ಅಕ್ಟೋಬರ್‌ನಲ್ಲಿ ಹೋಂಡಾ ಅಮೆರಿಕದಲ್ಲಿ ಸುಮಾರು 17 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿದ್ದು ಇದೇ ದೂರಿಗೆ. ಮೋಟಾರಿನ ಬಲವನ್ನು ದಾಟಿಸುವ ವರ್ಮ್ ಗೇರ್‌ನಲ್ಲಿ ಉಜ್ಜುವಿಕೆ ಹೆಚ್ಚಿ ನೇರ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿಯುತ್ತಿತ್ತು. ಅಂಥದ್ದು ಕಂಡರೆ ಬಿಚ್ಚಿ ಗ್ರೀಸ್ ಹಾಕಲು ಹೋಗದೆ ಸರ್ವಿಸ್ ಸೆಂಟರ್‌ಗೆ ಹೋಗಿ. ಮೇಲೆ ಹೇಳಿದ ಬಾಲ್ ಜಾಯಿಂಟ್, ಸ್ಟ್ರಟ್ ಬೇರಿಂಗ್, ಕ್ರಾಸ್ ಪರೀಕ್ಷೆಗಳು ಅವರಿಗೂ ಹೊಂದುತ್ತವೆ.

ಕೊನೆಗೆ ನಿಮ್ಮ ನಿಜವಾದ ಪ್ರಶ್ನೆ, ಖರ್ಚು ಮಾಡಬಹುದೇ ಎಂಬುದು. 20 ಸಾವಿರ ಬೇಡ. ಎಲ್ಲ ಪರೀಕ್ಷೆ ಮುಗಿದು ರ‍್ಯಾಕ್ ಕೆಟ್ಟಿದೆ ಎಂದು ಸಾಬೀತಾದರೂ ಮೊದಲು ರಿಪೇರಿ ಕೇಳಿ: ಸೀಲ್ ಕಿಟ್, ಹೊಸ ಗುಬ್ಬಿ, ಹೊಸ ಬುಷ್. ಒಂದು ಷರತ್ತು, ರಬ್ಬರ್ ಬೂಟ್ ಹರಿದು ಒಳಗಿನ ಸರಳಿಗೆ ತುಕ್ಕಿನ ಗುಳಿ ಬಿದ್ದಿರಬಾರದು. ಗುಳಿ ಬಿದ್ದ ಸರಳು ಹೊಸ ಸೀಲನ್ನು ಕೆಲವೇ ತಿಂಗಳಲ್ಲಿ ಕತ್ತರಿಸುತ್ತದೆ. ಹಾಗಿದ್ದರೆ ಬೆಂಗಳೂರಿನ ಶಿವಾಜಿನಗರದ ಗುಜರಿ ಕಡೆ ಹಳೆಯ ರ‍್ಯಾಕ್, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸ ಬಿಡಿಭಾಗ ಹುಡುಕಬಹುದು. ಹಳೆಯದು ಕೊಳ್ಳುವುದಾದರೆ ಬೂಟ್ ಸರಿಸಿ ಸರಳು ಕನ್ನಡಿಯಂತಿದೆಯೇ ನೋಡಿ, ಪಿನಿಯನ್ ಹಿಡಿದು ಕೊನೆಯಿಂದ ಕೊನೆಗೆ ತಿರುಗಿಸಿ ಎಲ್ಲೂ ತಡೆಯದಿದ್ದರೆ ಮಾತ್ರ ದುಡ್ಡು ಎಣಿಸಿ.

ಸ್ಕ್ರೂ ಸಡಿಲಿಸಿದ ಮೇಲೆ ಕಳೆದ ವರ್ಷದ ಗಡಗಡ ಮತ್ತೆ ಬಂದರೆ ಗಾಬರಿ ಬೇಡ, ಆದರೆ ಮತ್ತೆ ಬಿಗಿ ಮಾಡಿಸಲೂಬೇಡಿ. ಆ ಸದ್ದಿನ ಮೂಲ ಬೇರೆಡೆ ಇರುವ ಸಾಧ್ಯತೆ ಹೆಚ್ಚು. ಬಲಗಡೆ ಕೂತು ಓಡಿಸುವ ನಮ್ಮ ಗಾಡಿಗಳಲ್ಲಿ ಪಿನಿಯನ್ ಬಲಕ್ಕಿದ್ದು, ಸರಳಿನ ಎಡತುದಿಯನ್ನು ಒಂದು ಬುಷ್ ಹೊತ್ತಿರುತ್ತದೆ. ಅದು ಸವೆದರೂ ಇದೇ ಗಡಗಡ. ಎಡಗಡೆಯ ಟೈರಾಡನ್ನು ರ‍್ಯಾಕ್ ಬಳಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಲು ಹೇಳಿ. ಅಲ್ಲಿ ಆಟ ಸಿಗದಿದ್ದರೆ ಬೂಟ್ ಒಳಗಿನ ರ‍್ಯಾಕ್ ಎಂಡ್, ಆಮೇಲೆ ಲೋವರ್ ಆರ್ಮ್ ಬುಷ್. ಈ ಮೂರನ್ನೂ ನೋಡುವವರೆಗೆ ಆ ಸ್ಕ್ರೂವಿನ ಹತ್ತಿರ ಯಾರನ್ನೂ ಬಿಡಬೇಡಿ, ಮತ್ತು ಅಲ್ಲಿಯವರೆಗೆ ಹೊನ್ನಾವರದ ಕಡೆ ಬಸ್ಸಿನಲ್ಲಿ ಹೋಗಿಬನ್ನಿ.